ರಾತ್ರಿ ಹಚ್ಚಿದ ಕ್ರೀಮು, ಬೆಳಗಿನ ಮುಖ

ಮೊದಲು ಒಂದು ಪ್ರಶ್ನೆ. ಇಲ್ಲಿರುವವರಲ್ಲಿ ಎಷ್ಟು ಜನ ರಾತ್ರಿ ಮಲಗುವ ಮುಂಚೆ ಮುಖಕ್ಕೆ ಏನಾದರೂ ಹಚ್ಚಿಕೊಳ್ಳುತ್ತೀರಿ? ಕೈ ಎತ್ತಿ. ಸರಿ, ಅರ್ಧಕ್ಕಿಂತ ಜಾಸ್ತಿ. ಕೆಲವು ಗಂಡಸರು ಅಕ್ಕಪಕ್ಕ ನೋಡಿಕೊಂಡು ಆಮೇಲೆ ಎತ್ತಿದ್ದೂ ಕಾಣಿಸಿತು. ಈಗ ಎರಡನೇ ಪ್ರಶ್ನೆ. ಅದು ಕೆಲಸ ಮಾಡುತ್ತಿದೆ ಅಂತ ನಿಮಗೆ ಹೇಗೆ ಗೊತ್ತು?

"ಬೆಳಗ್ಗೆ ಎದ್ದು ಕನ್ನಡಿ ನೋಡಿದರೆ ಗೊತ್ತಾಗುತ್ತದೆ" ಎಂದು ಮುಂದಿನ ಸಾಲಿನಿಂದ ಒಬ್ಬರು ಹೇಳಿದರು. ಚೆನ್ನಾಗಿ ಹೇಳಿದಿರಿ. ಡಬ್ಬಿಯ ಮೇಲೂ ಅದನ್ನೇ ಬರೆದಿರುತ್ತಾರೆ. ರಾತ್ರಿ ಹಚ್ಚಿ, ಬೆಳಗ್ಗೆ ನೋಡಿ. ಒಂದೇ ರಾತ್ರಿಯಲ್ಲಿ ಸುಕ್ಕು ಕಡಿಮೆ. ಇದನ್ನು ಪರೀಕ್ಷೆ ಮಾಡಬೇಕಾದರೆ ಏನು ಮಾಡಬೇಕು? ರಾತ್ರಿ ಒಂದು ಫೋಟೋ, ಬೆಳಗ್ಗೆ ಒಂದು ಫೋಟೋ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಆಯಿತು. ಅಲ್ವಾ?

ಇಲ್ಲೇ ಇರುವುದು ತೊಂದರೆ. ಏನನ್ನೂ ಹಚ್ಚದೆ ಸುಮ್ನೆ ಮಲಗಿ ಎದ್ದರೂ ಬೆಳಗಿನ ಫೋಟೋವೇ ಗೆಲ್ಲುತ್ತದೆ. ನಾವು ಮಲಗಿದಾಗ ದೇಹದೊಳಗಿನ ನೀರು ಕಾಲಿನ ಕಡೆಗೆ ಇಳಿಯುವುದಿಲ್ಲ, ಒಂದಷ್ಟು ಮುಖದಲ್ಲೂ ನಿಲ್ಲುತ್ತದೆ. ಬೆಳಗ್ಗೆ ಕಣ್ಣಿನ ಕೆಳಗೆ ಉಬ್ಬಿರುತ್ತದಲ್ಲ, ಅದೇ. ಆ ಸಣ್ಣ ಊತವೇ ಗೆರೆಗಳನ್ನು ಒಳಗಿಂದ ಎತ್ತಿ ಹಿಡಿಯುತ್ತದೆ. ಎದ್ದು ಓಡಾಡತೊಡಗಿದ ಮೇಲೆ ನೀರು ಕೆಳಗಿಳಿಯುತ್ತದೆ. ಜೊತೆಗೆ ದಿನವಿಡೀ ನಗುತ್ತೇವೆ, ಹುಬ್ಬು ಗಂಟಿಕ್ಕುತ್ತೇವೆ, ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತೇವೆ. ಜಪಾನಿನ ಸಂಶೋಧಕರು 2004ರಲ್ಲಿ ಇದನ್ನೇ ಅಳೆದು ಪ್ರಕಟಿಸಿದರು. ಒಂದೇ ಮುಖದ ಹಣೆ, ಕಣ್ಣಿನ ಅಂಚು, ಮೂಗಿನ ಪಕ್ಕದಿಂದ ಬಾಯಿಯವರೆಗೆ ಇಳಿಯುವ ಗೆರೆ, ಇವೆಲ್ಲ ಬೆಳಗಿಗಿಂತ ಮಧ್ಯಾಹ್ನದ ಮೇಲೆ ಹೆಚ್ಚು ಎದ್ದು ಕಾಣುತ್ತಿದ್ದವು.

ಅಂದರೆ ಒಂದೇ ರಾತ್ರಿಯ ಭರವಸೆ ಕೊಡುವ ಕ್ರೀಮಿಗೆ ಸೋಲುವ ಭಯವೇ ಇಲ್ಲ. ನಿದ್ದೆ ಮಾಡಿದ ಕೆಲಸದ ಹೆಸರು ಅದಕ್ಕೆ ಸಿಗುತ್ತದೆ.

ಹಾಗಂತ ಕ್ರೀಮು ರಾತ್ರಿಯಿಡೀ ಸುಮ್ಮನೆ ಕೂತಿರುತ್ತದೆ ಎಂದು ನಾನು ಹೇಳುತ್ತಿಲ್ಲ. ಅದೂ ಏನೋ ಮಾಡುತ್ತದೆ. ಏನು ಮಾಡುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ನಮ್ಮ ಚರ್ಮದ ಎಲ್ಲಕ್ಕಿಂತ ಮೇಲಿನ ಪದರ ಸತ್ತ ಜೀವಕೋಶಗಳದ್ದು. ಮುಖದ ಮೇಲೆ ಅದರ ದಪ್ಪ ಸುಮಾರು 10ರಿಂದ 20 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ನೂರರಲ್ಲಿ ಒಂದೋ ಎರಡೋ ಪಾಲು. ಇಷ್ಟು ತೆಳುವಾದ ಪದರವೇ ಒಳಗಿನ ನೀರನ್ನು ಹಿಡಿದಿಡಬೇಕು. ಅದು ಒಣಗಿದರೆ ಮೇಲ್ಮೈ ಮುದುಡಿಕೊಂಡು ಸಣ್ಣ ಸಣ್ಣ ಗೆರೆಗಳು ಕಾಣಿಸುತ್ತವೆ. ನೀರು ಸಿಕ್ಕಿದರೆ ಆ ಕೋಶಗಳು ಉಬ್ಬಿ ಗೆರೆಗಳು ಮಾಯವಾಗುತ್ತವೆ. ಗ್ಲಿಸರಿನ್, ಹೈಲುರಾನಿಕ್ ಆಸಿಡ್ ನೀರನ್ನು ಹಿಡಿದುಕೊಳ್ಳುತ್ತವೆ. ಪೆಟ್ರೋಲಿಯಂ ಜೆಲ್ಲಿಯಂಥವು ಮೇಲೆ ಮುಚ್ಚಳದಂತೆ ಕೂತು ನೀರು ಆವಿಯಾಗದಂತೆ ತಡೆಯುತ್ತವೆ. ಇದಕ್ಕೆ ಒಂದು ರಾತ್ರಿ ಧಾರಾಳವಾಗಿ ಸಾಕು. ಕೆಲವೇ ಗಂಟೆ ಸಾಕು.

ಆದ್ದರಿಂದ ನಿಮ್ಮ ಕನ್ನಡಿ ಸುಳ್ಳು ಹೇಳಿಲ್ಲ. ಒಣ ಚರ್ಮದ ಸಣ್ಣ ಗೆರೆ ನಿಜವಾಗಿಯೂ ಕಡಿಮೆಯಾಗಿದೆ. ಆದರೆ ಆ ಕೆಲಸವನ್ನು ಯಾವ ಸಾಧಾರಣ ಮಾಯಿಶ್ಚರೈಸರ್ ಆದರೂ ಮಾಡುತ್ತದೆ. ವಯಸ್ಸಿನ ಸುಕ್ಕು ಇರುವುದೇ ಬೇರೆ ಕಡೆ, ಇನ್ನೂ ಒಳಗೆ. ಅಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳಿವೆ. ಬಿಸಿಲಿಗೂ ವಯಸ್ಸಿಗೂ ಅವು ತುಂಡಾಗುತ್ತವೆ, ಹೊಸದು ಹುಟ್ಟುವುದು ನಿಧಾನವಾಗುತ್ತದೆ. ಆ ಎಳೆಗಳನ್ನು ಒಂದೇ ರಾತ್ರಿಯಲ್ಲಿ ಮತ್ತೆ ಕಟ್ಟಲು ಆಗುವುದಿಲ್ಲ. ಚರ್ಮದ ಮೇಲ್ಪದರವೇ ಪೂರ್ತಿ ಹೊಸದಾಗಲು ಸುಮಾರು ಒಂದು ತಿಂಗಳು ಬೇಕು, ವಯಸ್ಸಾದವರಿಗೆ ಇನ್ನೂ ಜಾಸ್ತಿ.

"ಹಾಗಾದರೆ ಕೊಲಾಜೆನ್ನನ್ನೇ ಕ್ರೀಮಿನಲ್ಲಿ ಹಾಕಿ ಹಚ್ಚಿದರಾಯಿತಲ್ಲ?" ಈ ಪ್ರಶ್ನೆ ಎಲ್ಲಿ ಹೋದರೂ ಬರುತ್ತದೆ, ಅದಕ್ಕೇ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ. ಚರ್ಮದ ಮೂಲಕ ಒಳಗೆ ನುಸುಳಬೇಕಾದರೆ ಅಣು ಚಿಕ್ಕದಿರಬೇಕು. 2000ದಲ್ಲಿ ಬಾಸ್ ಮತ್ತು ಮೈನಾರ್ಡಿ ಎಂಬಿಬ್ಬರು ಇದಕ್ಕೊಂದು ಅಂದಾಜಿನ ಗಡಿ ಹಾಕಿದರು, 500 ಡಾಲ್ಟನ್. ಡಾಲ್ಟನ್ ಎಂದರೆ ಅಣುವಿನ ತೂಕದ ಅಳತೆ. ಕೊಲಾಜೆನ್ ಅಣು ಸುಮಾರು 3 ಲಕ್ಷ ಡಾಲ್ಟನ್. ಅದು ಮೇಲೆಯೇ ಕೂತು ಚರ್ಮವನ್ನು ಮೃದುವಾಗಿಡುತ್ತದೆ, ಅಷ್ಟೇ.

ಇನ್ನೂ ಎರಡು ಕೈಚಳಕಗಳಿವೆ. ಕೆಲವು ಕ್ರೀಮುಗಳಲ್ಲಿ ಒಣಗುತ್ತಾ ಬಿಗಿಯುವ ವಸ್ತು ಇರುತ್ತದೆ. ಕಣ್ಣಿನ ಕೆಳಗೆ ಹಚ್ಚಿದ ಕೆಲವೇ ನಿಮಿಷಗಳಲ್ಲಿ ಚರ್ಮ ಎಳೆದುಕೊಳ್ಳುತ್ತದೆ, ಮುಖ ತೊಳೆದರೆ ಹೋಯಿತು. ಎರಡನೆಯದು ನನಗೆ ಹೆಚ್ಚು ಕುತೂಹಲದ್ದು. ಚರ್ಮಕ್ಕೆ ಆಗದ ವಸ್ತು ಹಚ್ಚಿದರೆ ಸಣ್ಣಗೆ ಉರಿಯೂತ ಬರುತ್ತದೆ. ಉರಿಯೂತ ಎಂದರೆ ಊತವೂ ಹೌದು, ಊತ ಬಂದರೆ ಗೆರೆ ತುಂಬಿಕೊಳ್ಳುತ್ತದೆ! ಮುಖ ಸ್ವಲ್ಪ ಕೆಂಪಾಗಿ, ಬಿಗಿಯಾಗಿ, ಹೊಳೆಯುತ್ತಾ ಕಾಣುತ್ತದೆ. "ನೋಡಿ, ಒಳಗೆ ಕೆಲಸ ಶುರುವಾಗಿದೆ" ಎಂದು ಮಾರುವವರು ಹೇಳುತ್ತಾರೆ. ಶುರುವಾಗಿರುವುದು ಚರ್ಮದ ಜಗಳ.

ಸರಿ. ಹಾಗಾದರೆ ನಿಜವಾದ ಪರೀಕ್ಷೆ ಹೇಗಿರಬೇಕು? ಕೇಳಬೇಕಾದ ಪ್ರಶ್ನೆ ಒಂದೇ. ಯಾವುದಕ್ಕೆ ಹೋಲಿಸಿ ಚೆನ್ನಾಗಿದೆ? ನಿನ್ನೆ ರಾತ್ರಿಗೆ ಹೋಲಿಸಿದರೆ ಸಾಲದು, ಅದನ್ನು ನೋಡಿದೆವು. ಏನೂ ಹಚ್ಚದ ಮುಖಕ್ಕೆ ಹೋಲಿಸಿದರೂ ಸಾಲದು, ಆಗ ಗೆಲ್ಲುವುದು ಬರೀ ತೇವಾಂಶ. ಅದೇ ಕ್ರೀಮನ್ನು, ಅದರ ವಿಶೇಷ ವಸ್ತುವೊಂದನ್ನು ಬಿಟ್ಟು, ಉಳಿದೆಲ್ಲ ಹಾಗೇ ಇಟ್ಟು ತಯಾರಿಸಬೇಕು. ಬಣ್ಣ, ವಾಸನೆ, ಜಿಡ್ಡು ಎಲ್ಲ ಒಂದೇ. ಇದನ್ನು ಬೇಸ್ ಕ್ರೀಮ್ ಎನ್ನೋಣ. ಯಾರಿಗೆ ಯಾವುದು ಎಂಬುದು ಹಚ್ಚಿಕೊಳ್ಳುವವರಿಗೂ ಗೊತ್ತಿರಬಾರದು, ಅಳೆಯುವವರಿಗೂ ಗೊತ್ತಿರಬಾರದು.

ಇದಕ್ಕೆ ಒಂದು ಒಳ್ಳೆಯ ಕಥೆ ಇದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಜಾಣರೂ ಎಡವುವ ಜಾಗವೊಂದಿದೆ. 2007ರಲ್ಲಿ ಬ್ರಿಟನ್ನಿನ ಬಿಬಿಸಿಯ ಒಂದು ವಿಜ್ಞಾನ ಕಾರ್ಯಕ್ರಮದಲ್ಲಿ ಬೂಟ್ಸ್ ಎಂಬ ಔಷಧಿ ಅಂಗಡಿ ಕಂಪನಿಯ ಒಂದು ಸೀರಮ್ (ಮುಖಕ್ಕೆ ಹಚ್ಚುವ ತೆಳು ದ್ರವ) ಬಗ್ಗೆ ಒಳ್ಳೆಯ ಮಾತು ಬಂತು. ಜನ ಅಂಗಡಿಗೆ ಮುಗಿಬಿದ್ದರು, ಸ್ಟಾಕ್ ಖಾಲಿಯಾಯಿತು. ಆಮೇಲೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಚರ್ಮತಜ್ಞರು ಅದೇ ಸಾಲಿನ ಒಂದು ಸೀರಮ್ಮನ್ನು ಸರಿಯಾದ ಕ್ರಮದಲ್ಲಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. 60 ಜನ, 6 ತಿಂಗಳು. ಒಂದು ಗುಂಪಿಗೆ ಸೀರಮ್, ಇನ್ನೊಂದಕ್ಕೆ ಬೇಸ್. ಯಾರಿಗೆ ಯಾವುದು ಎಂಬುದು ಗುಟ್ಟು. ಇಷ್ಟು ಮಾಡಿಸುವ ಕಂಪನಿಗಳೇ ಕಡಿಮೆ, ಆ ಶಹಬ್ಬಾಸ್ ಅವರಿಗೆ ಸಲ್ಲಬೇಕು.

ಫಲಿತಾಂಶ ಹೀಗೆ. ಸೀರಮ್ ಹಚ್ಚಿದವರಲ್ಲಿ ಶೇ 43 ಮಂದಿಯ ಸುಕ್ಕು ಸುಧಾರಿಸಿತು. ಬೇಸ್ ಹಚ್ಚಿದವರಲ್ಲಿ ಶೇ 22. ಮೊದಲ ಗುಂಪು ತಾನು ಶುರು ಮಾಡಿದ ಸ್ಥಿತಿಗೆ ಹೋಲಿಸಿದರೆ ಲೆಕ್ಕಕ್ಕೆ ಸಿಗುವಷ್ಟು ಬದಲಾಗಿತ್ತು, ಎರಡನೇ ಗುಂಪು ಬದಲಾಗಿರಲಿಲ್ಲ. ಹಾಗಾದರೆ ಸೀರಮ್ ಗೆದ್ದಿತು, ಅಲ್ವಾ? ತಲೆ ಆಡಿಸುತ್ತಿದ್ದೀರಿ. ಯಾರ್ಕ್ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಮಾರ್ಟಿನ್ ಬ್ಲಾಂಡ್ ಅಲ್ಲೇ ತಡೆದರು. ಈ ಗುಂಪು ತನ್ನ ನಿನ್ನೆಗಿಂತ ಮುಂದೆ, ಆ ಗುಂಪು ತನ್ನ ನಿನ್ನೆಯಲ್ಲೇ ಇದೆ ಎಂದು ಬೇರೆ ಬೇರೆಯಾಗಿ ತೋರಿಸಿದರೆ ಆಗುವುದಿಲ್ಲ. ಎರಡು ಗುಂಪುಗಳನ್ನು ಎದುರುಬದುರು ನಿಲ್ಲಿಸಿ ಹೋಲಿಸಬೇಕು. ಹಾಗೆ ಹೋಲಿಸಿದಾಗ 6 ತಿಂಗಳ ಆ ವ್ಯತ್ಯಾಸ ಬರೀ ಅದೃಷ್ಟದಿಂದಲೂ ಬರಬಹುದಾದಷ್ಟೇ ಇತ್ತು. ಜನರ ಸಂಖ್ಯೆ ಚಿಕ್ಕದಾದ್ದರಿಂದ ಇಲ್ಲ ಎಂದೂ ಖಚಿತವಾಗಿ ಹೇಳಲಾಗದು, ಹೌದು ಎಂದೂ ಹೇಳಲಾಗದು.

ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆ ಶೇ 22. ವಿಶೇಷ ವಸ್ತು ಏನೂ ಇಲ್ಲದ ಬೇಸನ್ನೇ ಹಚ್ಚಿ, ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಮುಖ ಸುಧಾರಿಸಿತು ಎಂದು ತಜ್ಞರ ಕಣ್ಣಿಗೇ ಕಂಡಿದೆ. ಯಾಕೆ? ಒಂದು, ತೇವಾಂಶ. ಎರಡು, ಪರೀಕ್ಷೆಗೆ ಸೇರಿದವರು ಮುಖದ ಬಗ್ಗೆ ಕಾಳಜಿ ಜಾಸ್ತಿ ಮಾಡುತ್ತಾರೆ, ಬಿಸಿಲಿಗೆ ಹೋಗುವುದು ಕಡಿಮೆ ಮಾಡುತ್ತಾರೆ. ಇನ್ನೊಂದು ಕಾರಣ ನಮಗೆಲ್ಲ ಅನ್ವಯಿಸುತ್ತದೆ. ನಾವು ಹೊಸ ಕ್ರೀಮು ಕೊಳ್ಳುವುದು ಯಾವಾಗ? ಮುಖ ತೀರಾ ಕೆಟ್ಟು ಕಂಡ ದಿನ. ತೀರಾ ಕೆಟ್ಟ ದಿನದ ನಂತರ ಬರುವ ದಿನ ಸಾಮಾನ್ಯವಾಗಿ ಅದಕ್ಕಿಂತ ವಾಸಿಯೇ ಇರುತ್ತದೆ, ಏನು ಹಚ್ಚಿದರೂ, ಹಚ್ಚದಿದ್ದರೂ.

ಹಾಗಾದರೆ ಯಾವುದೂ ಕೆಲಸ ಮಾಡುವುದಿಲ್ಲವೇ? ಮಾಡುತ್ತದೆ. 1988ರಲ್ಲಿ ಮಿಷಿಗನ್‌ನಲ್ಲಿ ನಡೆದ ಪರೀಕ್ಷೆ ನೋಡಿ. 30 ಜನ, 16 ವಾರ. ಒಂದು ಮುಂಗೈಗೆ ಟ್ರೆಟಿನಾಯಿನ್ ಎಂಬ, ವಿಟಮಿನ್ ಎ ಜಾತಿಯ ಔಷಧಿ ಇರುವ ಕ್ರೀಮ್, ಇನ್ನೊಂದಕ್ಕೆ ಬರೀ ಬೇಸ್. ಟ್ರೆಟಿನಾಯಿನ್ ಹಚ್ಚಿದ ಮುಂಗೈ 30 ಜನರಲ್ಲೂ ಸುಧಾರಿಸಿತು. ಒಬ್ಬರದೇ ಎರಡು ಕೈ, ಒಂದೇ ವಯಸ್ಸು, ಒಂದೇ ನಿದ್ದೆ. ಎಷ್ಟು ಚೆಂದದ ಹೋಲಿಕೆ! ಆದರೆ ಒಂದು ಎಡವಟ್ಟೂ ಇತ್ತು. ಔಷಧಿ ಹಚ್ಚಿದ ಕಡೆ ಬಹುತೇಕ ಎಲ್ಲರಿಗೂ ಚರ್ಮ ಕೆಂಪಾಗಿ ಸಿಪ್ಪೆ ಎದ್ದಿತು. ಹಾಗಾದಾಗ ಗುಟ್ಟು ಎಷ್ಟರ ಮಟ್ಟಿಗೆ ಗುಟ್ಟಾಗಿ ಉಳಿಯುತ್ತದೆ? ಆಮೇಲೆ ಬಂದ ಅನೇಕ ಪರೀಕ್ಷೆಗಳೂ ಅದೇ ದಿಕ್ಕಿಗೆ ಬೆರಳು ತೋರಿಸಿದ್ದರಿಂದ ಈಗ ಇದರ ಬಗ್ಗೆ ದೊಡ್ಡ ಅನುಮಾನವಿಲ್ಲ. ಇದು ವೈದ್ಯರು ಬರೆದುಕೊಡಬೇಕಾದ ಔಷಧಿ, ಗರ್ಭಿಣಿಯರು ಮುಟ್ಟಬಾರದು.

ಅದರ ಸೌಮ್ಯ ತಂಗಿ ರೆಟಿನಾಲ್. ನಿಮ್ಮ ನೈಟ್ ಕ್ರೀಮಿನಲ್ಲಿ ಇರುವುದು ಬಹುಶಃ ಇದೇ. 2007ರಲ್ಲಿ 36 ಹಿರಿಯರ ಮೇಲೆ ಇದನ್ನು ಪರೀಕ್ಷಿಸಿದರು. ಅವರ ಸರಾಸರಿ ವಯಸ್ಸು 87! ತೋಳಿನ ಒಳಭಾಗಕ್ಕೆ, ಒಂದು ಕಡೆ ಶೇ 0.4 ರೆಟಿನಾಲ್ ಲೋಷನ್, ಇನ್ನೊಂದು ಕಡೆ ಬೇಸ್. 24 ವಾರಗಳಲ್ಲಿ ಸಣ್ಣ ಸುಕ್ಕುಗಳು ಕಡಿಮೆಯಾದವು. ಕಾಲದ ಅಂಕಿ ಗಮನಿಸಿದಿರಾ? 16 ವಾರ, 24 ವಾರ. ಕೆಲಸ ಮಾಡುತ್ತದೆ ಎಂದು ಗೊತ್ತಿರುವುದಕ್ಕೇ ಇಷ್ಟು ಸಮಯ ಬೇಕಾದರೆ, ಒಂದು ರಾತ್ರಿಯಲ್ಲಿ ಆಗಿದ್ದು ಬೇರೆ ಏನೋ.

ಎಷ್ಟು ಸುಧಾರಣೆ ಎಂಬುದೂ ಮುಖ್ಯ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಸುಕ್ಕಿನ ಕ್ರೀಮುಗಳನ್ನು 12 ವಾರ ಪರೀಕ್ಷಿಸಿ 2007ರಲ್ಲಿ ಬರೆದದ್ದು ಇದು: ಅತ್ಯುತ್ತಮ ಎನಿಸಿದವೂ ಸುಕ್ಕಿನ ಆಳವನ್ನು ಸರಾಸರಿ ಶೇ 10ಕ್ಕಿಂತ ಕಡಿಮೆ ಇಳಿಸಿದವು. ಬರಿಗಣ್ಣಿಗೆ ಅದು ಕಂಡೂ ಕಾಣದಷ್ಟು. ದುಬಾರಿಯದ್ದು ಹೆಚ್ಚು ಕೆಲಸ ಮಾಡುತ್ತದೆ ಎಂಬುದೂ ಸಾಬೀತಾಗಲಿಲ್ಲ.

ಜಾಹೀರಾತಿನ ಫೋಟೋಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2011ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ಹಾಲಿವುಡ್ ನಟಿ ಜೂಲಿಯಾ ರಾಬರ್ಟ್ಸ್ ಇದ್ದ ಲ್ಯಾಂಕೋಮ್ ಎಂಬ ಸೌಂದರ್ಯವರ್ಧಕ ಬ್ರ್ಯಾಂಡಿನ ಜಾಹೀರಾತನ್ನು ನಿಲ್ಲಿಸಿತು. ಫೋಟೋವನ್ನು ಕಂಪ್ಯೂಟರಿನಲ್ಲಿ ತಿದ್ದಲಾಗಿತ್ತು, ಎಷ್ಟು ತಿದ್ದಿದ್ದು ಎಂದು ಕಂಪನಿ ತೋರಿಸಿಕೊಡಲಿಲ್ಲ. ಜೀನ್‌ಗಳನ್ನು ಚುರುಕು ಮಾಡಿ 7 ದಿನಗಳಲ್ಲಿ ಎಳೆಯ ಚರ್ಮ ಕೊಡುತ್ತೇವೆ ಎಂಬ ಮಾತಿಗೆ 2014ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಲೊರಿಯಾಲ್‌ನ ಅಮೆರಿಕದ ಕಂಪನಿಯನ್ನು ಹಿಡಿದು ಕೇಳಿತು. ಆಧಾರವಿಲ್ಲದೆ ಅಂಥ ಮಾತು ಮತ್ತೆ ಹೇಳುವುದಿಲ್ಲ ಎಂದು ಕಂಪನಿ ಒಪ್ಪಿ ರಾಜಿಯಾಯಿತು. ಹಾಗೆಯೇ "ಹತ್ತರಲ್ಲಿ ಒಂಬತ್ತು ಮಹಿಳೆಯರು ಒಪ್ಪಿದರು" ಎಂಬಂಥ ಸಾಲು ಕಂಡರೆ ಕೆಳಗಿನ ಸಣ್ಣ ಅಕ್ಷರ ಓದಿ. ಎಷ್ಟು ಜನರನ್ನು ಕೇಳಿದರು, ಯಾವುದಕ್ಕೆ ಹೋಲಿಸಿ ಕೇಳಿದರು? ಕೇಳಿದ್ದು ಅವರ ಅನಿಸಿಕೆಯನ್ನು. ಚರ್ಮವನ್ನು ಯಾರೂ ಅಳೆದಿರುವುದಿಲ್ಲ.

ಈಗ ಮನೆಯಲ್ಲೇ ಪರೀಕ್ಷೆ ಮಾಡುವವರಿಗೆ. ಇದು ನನಗೆ ತುಂಬ ಇಷ್ಟವಾದ ಭಾಗ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಒಂದೇ ಥರದ ಎರಡು ಖಾಲಿ ಡಬ್ಬಿ ತೆಗೆದುಕೊಳ್ಳಿ. ಒಂದಕ್ಕೆ ನಿಮ್ಮ ನೈಟ್ ಕ್ರೀಮು, ಇನ್ನೊಂದಕ್ಕೆ ಹೆಚ್ಚು ಕಡಿಮೆ ಅಷ್ಟೇ ಜಿಡ್ಡಿನ ಸಾಧಾರಣ ಮಾಯಿಶ್ಚರೈಸರ್. ತುಂಬುವುದು ನೀವಲ್ಲ, ನಿಮ್ಮ ಗೆಳತಿ. ಅವರು "ಕ", "ಖ" ಎಂದು ಬರೆದು, ಯಾವುದರಲ್ಲಿ ಏನಿದೆ ಎಂಬುದನ್ನು ಚೀಟಿಯಲ್ಲಿ ಬರೆದು ತಾವೇ ಇಟ್ಟುಕೊಳ್ಳಲಿ. ಮುಖದ ಯಾವ ಅರ್ಧಕ್ಕೆ "ಕ" ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿ. ನಾಣ್ಯ ಯಾಕೆ ಅಂತೀರಾ? ನಮ್ಮ ಮುಖದ ಎರಡು ಬದಿ ಒಂದೇ ಥರ ಇರುವುದಿಲ್ಲ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಬ್ಬ ಟ್ರಕ್ ಚಾಲಕನ ಫೋಟೋ ಬಂದಿತ್ತು. 69 ವರ್ಷ, 28 ವರ್ಷ ಟ್ರಕ್ ಓಡಿಸಿದವರು. ಕಿಟಕಿಯ ಕಡೆಗಿದ್ದ ಎಡ ಕೆನ್ನೆ ದಪ್ಪಗಾಗಿ, ಆಳವಾದ ಸುಕ್ಕುಗಳಿಂದ ಜೋತುಬಿದ್ದಿದೆ. ಬಲ ಕೆನ್ನೆ ಬೇರೆಯವರದ್ದೇನೋ ಅನ್ನಿಸುವಷ್ಟು ನಯ. ಗಾಜು ತಡೆಯದೆ ಒಳಗೆ ಬಿಡುವ, ಬಿಸಿಲಿನಲ್ಲಿರುವ ಯುವಿಎ ಎಂಬ ಅತಿನೇರಳೆ ಕಿರಣದ ಕೆಲಸ ಅದು. ನಮ್ಮದು ಅಷ್ಟು ವಿಪರೀತವಲ್ಲ, ಆದರೂ ನೀವೇ ಬದಿ ಆರಿಸಿದರೆ ಕೆಟ್ಟ ಕಡೆಗೆ ಒಳ್ಳೆಯ ಕ್ರೀಮು ಹಚ್ಚುವ ಆಸೆ ಬಂದೇ ಬರುತ್ತದೆ.

ಹಚ್ಚುವ ಮುಂಚೆ ಮೊಣಕೈಯ ಒಳಭಾಗದಲ್ಲಿ ಕೆಲವು ದಿನ ಹಚ್ಚಿ ನೋಡಿ, ಉರಿ ತುರಿಕೆ ಬಂದರೆ ಅಲ್ಲಿಗೇ ಬಿಡಿ. ಒಂದೊಂದು ಬದಿಗೆ ಒಂದೊಂದು ಕೈಯ ಬೆರಳು. ಹಚ್ಚಿದ ಕೂಡಲೇ ದಿಂಬಿಗೆ ಮುಖ ಒತ್ತಿದರೆ ಒಂದು ಬದಿಯದ್ದು ಇನ್ನೊಂದು ಬದಿಗೆ ಸೇರುತ್ತದೆ, ಹಾಗಾಗಿ ಅರ್ಧ ಗಂಟೆ ಮುಂಚೆಯೇ ಹಚ್ಚಿ.

ಫೋಟೋ ಯಾವಾಗ? ಸಂಜೆ. ಇದನ್ನು ಯಾರೂ ಹೇಳುವುದಿಲ್ಲ. ಬೆಳಗಿನ ಊತ ಇಳಿದಿರುತ್ತದೆ, ರಾತ್ರಿ ಹಚ್ಚಿದ್ದು ತೊಳೆದುಹೋಗಿರುತ್ತದೆ. ಚರ್ಮ ನಿಜವಾಗಿ ಬದಲಾಗಿದ್ದರೆ ಸಂಜೆಯೂ ಕಾಣಬೇಕು. ಮುಖ ತೊಳೆದು, ಒರೆಸಿ, ಅರ್ಧ ಗಂಟೆ ಸುಮ್ನೆ ಕೂತು ಆಮೇಲೆ ತೆಗೆಯಿರಿ. ಒಂದೇ ದೀಪ, ಒಂದೇ ದೂರ, ಎರಡೂ ಬದಿಗೆ ಒಂದೇ ಕೋನ. ಫೋನಿನ ಬ್ಯೂಟಿ ಫಿಲ್ಟರ್ ಆಫ್ ಆಗಿರಲಿ, ಸೆಲ್ಫಿ ಕ್ಯಾಮೆರಾ ಬೇಡ, ನಗುವೂ ಬೇಡ. ಬೆಳಕು ಎದುರಿಂದ ಬಂದರೆ ಸುಕ್ಕು ಕಾಣುವುದಿಲ್ಲ, ಪಕ್ಕದಿಂದ ಬಂದರೆ ಎದ್ದು ಕಾಣುತ್ತದೆ. ಓರೆ ಬಿಸಿಲಲ್ಲಿ ರಸ್ತೆಯ ಗುಂಡಿಯೆಲ್ಲ ಲೆಕ್ಕಕ್ಕೆ ಸಿಗುತ್ತದಲ್ಲ, ಹಾಗೆ. ಮೊದಲು ಮತ್ತು ನಂತರದ ಫೋಟೋಗಳಲ್ಲಿ ದೀಪ ಮಾತ್ರ ಬದಲಿಸಿಯೇ ಹತ್ತು ವರ್ಷ ಕಡಿಮೆ ಮಾಡಬಹುದು.

12 ವಾರದ ನಂತರ ಈ ವಿಷಯ ಗೊತ್ತಿಲ್ಲದ ಒಬ್ಬರಿಗೆ ಎರಡೂ ಬದಿಯ ಮೊದಲ ಮತ್ತು ಕೊನೆಯ ಫೋಟೋ ಕೊಟ್ಟು, ಯಾವ ಬದಿ ಹೆಚ್ಚು ಸುಧಾರಿಸಿದೆ ಎಂದು ಕೇಳಿ. ಅವರು ನೈಟ್ ಕ್ರೀಮಿನ ಬದಿಯನ್ನೇ ತೋರಿಸಿದರು ಅಂದುಕೊಳ್ಳಿ. ಕುಣಿಯಬೇಡಿ. ಕಣ್ಣು ಮುಚ್ಚಿ ಹೇಳಿದ್ದರೂ ಅರ್ಧ ಸಲ ಸರಿಯಾಗುತ್ತಿತ್ತು. ಅದಕ್ಕೇ ಹತ್ತು ಜನ ಸೇರಿ ಮಾಡಿ, ಒಬ್ಬೊಬ್ಬರೂ ಬೇರೆ ಬೇರೆ ನಾಣ್ಯ ಚಿಮ್ಮಿ. ಹತ್ತರಲ್ಲಿ ಎಂಟು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ, ಬರೀ ಅದೃಷ್ಟದಿಂದ, ಸುಮಾರು ಶೇ 5.5. ಒಂಬತ್ತು ಅಥವಾ ಹೆಚ್ಚು ಆದರೆ ಸುಮಾರು ಶೇ 1. ನಾನಾದರೆ ಒಂಬತ್ತು ಬಂದರೆ ನಂಬುತ್ತೇನೆ. ಏಳು ಬಂದರೆ ಇನ್ನೊಮ್ಮೆ ಮಾಡಿ ಎನ್ನುತ್ತೇನೆ.

ಹಿಂದಿನಿಂದ ಒಬ್ಬರು ಕೇಳುತ್ತಿದ್ದಾರೆ, ಇಷ್ಟೆಲ್ಲ ಬೇಡ, ಸುಕ್ಕು ತಡೆಯುವುದು ಯಾವುದು ಅಂತ ಒಂದೇ ಮಾತಲ್ಲಿ ಹೇಳಿ ಅಂತ. ಸನ್‌ಸ್ಕ್ರೀನ್. ಹಗಲಿನದ್ದು, ರಾತ್ರಿಯದ್ದಲ್ಲ. ಆಸ್ಟ್ರೇಲಿಯಾದ ನ್ಯಾಂಬೂರ್‌ನಲ್ಲಿ 55 ವರ್ಷದೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದರು. ದಿನಾ ಹಚ್ಚಿ ಎಂದು ಕೆಲವರಿಗೆ ಹೇಳಿದರು, ಬೇಕೆನಿಸಿದಾಗ ಹಚ್ಚಿ ಎಂದು ಉಳಿದವರಿಗೆ. ಕೈಯ ಹಿಂಭಾಗದ ಚರ್ಮಕ್ಕೆ ಸಿಲಿಕೋನ್ ಒತ್ತಿ ಅಚ್ಚು ತೆಗೆದು, ಗೆರೆಗಳನ್ನು ಹೋಲಿಸಿದರು. ದಿನಾ ಹಚ್ಚಿದವರಲ್ಲಿ ಚರ್ಮ ಮುಪ್ಪಾಗುವುದು ಶೇ 24 ಕಡಿಮೆ ಇತ್ತು. ಫಲಿತಾಂಶ ಪ್ರಕಟವಾದದ್ದು 2013ರಲ್ಲಿ. ಇದನ್ನು ಒಂದೇ ಬೆಳಗಿನಲ್ಲಿ ಕನ್ನಡಿಯಲ್ಲಿ ನೋಡಲು ಆಗುವುದಿಲ್ಲ, ಅದಕ್ಕೇ ಮಾರುವುದು ಕಷ್ಟ.

ಕೊನೆಗೆ, ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಹಂತ. 12 ವಾರ ಮುಗಿದ ಮೇಲೆ ಡಬ್ಬಿ ಎತ್ತಿಡಬೇಡಿ, ಚೀಟಿಯನ್ನೂ ಇನ್ನೂ ತೆರೆಯಬೇಡಿ. ಎರಡೂ ಬದಿಗೆ ಬರೀ ಸಾಧಾರಣ ಮಾಯಿಶ್ಚರೈಸರ್ ಹಚ್ಚುತ್ತಾ ಇನ್ನೆರಡು ವಾರ ಅದೇ ಸಂಜೆ, ಅದೇ ದೀಪದಲ್ಲಿ ಫೋಟೋ ತೆಗೆಯಿರಿ. ಸಿಕ್ಕಿದ್ದು ಬಿಗಿಯುವ ಪದರದ್ದೋ, ಸಣ್ಣ ಊತದ್ದೋ ಆಗಿದ್ದರೆ ಆ ಎರಡು ವಾರದಲ್ಲೇ ಎರಡು ಬದಿಯ ವ್ಯತ್ಯಾಸ ಅಳಿಸಿಹೋಗುತ್ತದೆ. ಒಳಗಿನ ಕೊಲಾಜೆನ್ ಬದಲಾಗಿದ್ದರೆ ಅಷ್ಟು ಬೇಗ ಅಳಿಸುವುದಿಲ್ಲ. ಈ ಫೋಟೋಗಳನ್ನೂ ಮೊದಲಿನವುಗಳ ಜೊತೆ ಕಲಸಿ, ಯಾವುದು ಯಾವ ವಾರದ್ದು ಎಂದು ಹೇಳದೆ ಕೊಡಿ. ಅವರು ಬರೆದುಕೊಟ್ಟ ಮೇಲೆ ಚೀಟಿ ಬಿಚ್ಚಿ.